ಹಿಂದಕ್ಕೆ ನುಗ್ಗುವ ಬೆಂಕಿ

1937ರ ಏಪ್ರಿಲ್ 12ರಂದು ಇಂಗ್ಲೆಂಡಿನ ರಗ್ಬಿಯಲ್ಲಿ ಒಂದು ಜೆಟ್ ಎಂಜಿನ್ ತನ್ನಷ್ಟಕ್ಕೆ ತಾನೇ ವೇಗ ಏರಿಸಿಕೊಳ್ಳತೊಡಗಿತು. ಇಂಧನದ ಕವಾಟ ಮುಚ್ಚಿದರೂ ನಿಲ್ಲಲಿಲ್ಲ. ಅದರ ಕೂಗು ಏರುತ್ತಲೇ ಹೋಯಿತು, ದಹನಕೋಣೆಯ ಹೊರತಗಡು ಅಲ್ಲಲ್ಲಿ ಕೆಂಪಗೆ ಕಾಯಿತು, ಸುತ್ತ ನಿಂತಿದ್ದ ಕೆಲಸಗಾರರು ದಿಕ್ಕಾಪಾಲಾಗಿ ಓಡಿದರು. ಜಾಗ ಬಿಡದೆ ನಿಂತವರು ಎಂಜಿನ್ನಿನ ಕರ್ತೃ ಫ್ರಾಂಕ್ ವಿಟ್ಲ್ ಮಾತ್ರ. ಅದು ಧೈರ್ಯವಾಗಿರಲಿಲ್ಲ, ಭಯಕ್ಕೆ ಕಾಲೇ ಏಳಲಿಲ್ಲ ಎಂಬರ್ಥದ ಮಾತನ್ನು ಮುಂದೆ ಅವರೇ ಬರೆದುಕೊಂಡಿದ್ದಾರೆ. ಕಾರಣ ಹುಡುಕಿದಾಗ ಸಿಕ್ಕಿದ್ದು ಸೋರಿದ ಎಣ್ಣೆ. ಎಂಜಿನ್ ಹೊತ್ತಿಸುವ ಮೊದಲೇ ಒಳಗೆ ಜಿನುಗಿದ್ದ ಇಂಧನ ದಹನಕೋಣೆಯ ತಳದಲ್ಲಿ ಮಡುಗಟ್ಟಿತ್ತು. ಕವಾಟ ಮುಚ್ಚಿದ ಮೇಲೂ ಎಂಜಿನ್ ಅದನ್ನೇ ಕುಡಿದು ಓಡಿತು. ತಳದಲ್ಲಿ ಒಂದು ಬಸಿಗೊಳವೆ ಕೂರಿಸಿದ ಮೇಲೆ ಆ ಕಾಟ ನಿಂತಿತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜರ್ಮನಿಯ ರಾಸ್ಟಾಕ್‌ನಲ್ಲಿ ಹಾನ್ಸ್ ಫಾನ್ ಓಹೈನ್ ಎಂಬ ತರುಣ ಭೌತವಿಜ್ಞಾನಿ ಇದೇ ಹಾದಿಯಲ್ಲಿದ್ದರು. ಇಬ್ಬರೂ ಬೇರೆ ಬೇರೆಯಾಗಿ ದುಡಿಯುತ್ತಿದ್ದರು. ಓಹೈನ್ ಮೊದಲು ಗಾಟಿಂಗೆನ್‌ನಲ್ಲಿ ತಮ್ಮ ಕಾರು ರಿಪೇರಿ ಮಾಡುತ್ತಿದ್ದ ಮ್ಯಾಕ್ಸ್ ಹಾನ್ ಎಂಬ ಮೆಕ್ಯಾನಿಕ್‌ನನ್ನು ಜೊತೆಗಿಟ್ಟುಕೊಂಡು, ಕೈಯಿಂದ ಹಣ ಹಾಕಿ ಒಂದು ಮಾದರಿ ಕಟ್ಟಿಸಿದ್ದರು. ಅದು ಓಡಲಿಲ್ಲ. ಪೆಟ್ರೋಲು ಉರಿಯಬೇಕಾದ ಕಡೆ ಉರಿಯದೆ ಟರ್ಬೈನ್ ದಾಟಿದ ಮೇಲೆ ಹೊತ್ತಿಕೊಂಡು, ಹಿಂಬದಿಯಿಂದ ನಾಲಗೆ ಚಾಚುತ್ತಿತ್ತು. ಪ್ರಾಧ್ಯಾಪಕ ರಾಬರ್ಟ್ ಪೋಲ್ ಅವರ ಶಿಫಾರಸಿನಿಂದ 1936ರಲ್ಲಿ ವಿಮಾನ ತಯಾರಕ ಅರ್ನ್ಸ್ಟ್ ಹೈಂಕೆಲ್ ಇಬ್ಬರನ್ನೂ ಕೆಲಸಕ್ಕೆ ತೆಗೆದುಕೊಂಡರು. ಧಣಿ ಅವಸರದವರು, ಫಲ ಬೇಗ ಕಾಣಬೇಕು. ದ್ರವ ಇಂಧನದ ದಹನಕೋಣೆ ಪಳಗಲು ಎಷ್ಟು ಕಾಲ ಹಿಡಿಯುತ್ತದೋ ಗೊತ್ತಿಲ್ಲ. ಆಗ ಓಹೈನ್ ಅಡ್ಡದಾರಿ ಹಿಡಿದರು: ಮೊದಲ ಎಂಜಿನ್ನಿಗೆ ಜಲಜನಕವೇ ಸಾಕು.

ಅದಕ್ಕಾಗಿ ಅವರು ಮಾಡಿದ ವ್ಯವಸ್ಥೆ ಸರಳ. ಗಾಳಿಯನ್ನು ಒತ್ತುವ ಕಂಪ್ರೆಸರ್‌ನಿಂದ ಟರ್ಬೈನಿಗೆ ಗಾಳಿ ಹೋಗುವ ದಾರಿಯಲ್ಲಿ ಟೊಳ್ಳು ಅಲಗುಗಳ ಸಾಲು. ಅವುಗಳ ಮೊಂಡು ಹಿಂದಂಚಿನಿಂದ ಅನಿಲ ಹೊರಗೆ ಬರುತ್ತದೆ, ಬಂದಲ್ಲೇ ಉರಿಯುತ್ತದೆ. ಜಲಜನಕ ಅಷ್ಟು ಬೇಗ ಹರಡಿಕೊಂಡು ಅಷ್ಟು ಬೇಗ ಹೊತ್ತುವುದರಿಂದ ಇಂಧನ ಚಿಮ್ಮಿಸುವ ಇಂಜೆಕ್ಟರ್ ಎಂಬುದಕ್ಕೆ ಹೆಚ್ಚಿನ ವಿನ್ಯಾಸವೇ ಬೇಕಾಗಲಿಲ್ಲ. ಎಂಜಿನ್ ಓಡಿತು. ಯಾವಾಗ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಓಹೈನ್ ಅವರ ನೆನಪಿನ ಪ್ರಕಾರ 1937ರ ಮಾರ್ಚ್ ಹೊತ್ತಿಗೆ. ಹೈಂಕೆಲ್ ಕಡೆಯ ಬರಹಗಳು ಅದೇ ವರ್ಷದ ಸೆಪ್ಟೆಂಬರ್ ಎನ್ನುತ್ತವೆ. ಮಾರ್ಚ್ ಎಂದಾದರೆ ಜರ್ಮನಿ ಮೊದಲು, ಸೆಪ್ಟೆಂಬರ್ ಎಂದಾದರೆ ಇಂಗ್ಲೆಂಡ್ ಮೊದಲು. ಸಿಲಿಂಡರ್‌ನ ಅನಿಲದಿಂದ ಓಡಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ವಿಟ್ಲ್ ಪಕ್ಷದವರು ವಾದಿಸುವುದೂ ಉಂಟು. ಈ ಜಗಳ ನನಗೆ ಅಷ್ಟು ಮುಖ್ಯವಾಗಿ ಕಾಣುವುದಿಲ್ಲ. ಗಮನಿಸಬೇಕಾದ್ದು ಬೇರೆ. ಎಲ್ಲಕ್ಕಿಂತ ಸುಲಭವಾಗಿ ಉರಿಯುವ ಇಂಧನವೆಂದು ಅಂದು ಆರಿಸಿಕೊಂಡ ಜಲಜನಕ, ಐವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಗುಣಕ್ಕಾಗಿ ಎಂಜಿನಿಯರುಗಳ ತಲೆನೋವಾಯಿತು.

ಹೈಂಕೆಲ್ 178 ವಿಮಾನ 1939ರ ಆಗಸ್ಟ್ 27ರಂದು ಹಾರಿದಾಗ ಅದರಲ್ಲಿದ್ದದ್ದು ದ್ರವ ಇಂಧನದ ಎಂಜಿನ್. ಮುಂದಿನ ಯುದ್ಧವಷ್ಟೂ ಎಣ್ಣೆಯದೇ. ಜಲಜನಕ ಮತ್ತೆ ತಲೆಯೆತ್ತಿದ್ದು ಶೀತಲ ಸಮರದಲ್ಲಿ, ಅದೂ ಎತ್ತರದ ಆಸೆಗೆ. ಗಾಳಿ ತೆಳುವಾದಲ್ಲಿ ಸೀಮೆಎಣ್ಣೆಯ ಜ್ವಾಲೆ ಆರುತ್ತದೆ, ಜಲಜನಕದ್ದು ಆರುವುದಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನ ಲೂಯಿಸ್ ಪ್ರಯೋಗಾಲಯದಲ್ಲಿ ಏಬ್ ಸಿಲ್ವರ್‌ಸ್ಟೀನ್ ತಂಡದವರು ಬಿ-57 ವಿಮಾನದ ರೆಕ್ಕೆತುದಿಗೆ ದ್ರವ ಜಲಜನಕದ ಟ್ಯಾಂಕು ಕಟ್ಟಿ, ಎರಡು ಎಂಜಿನ್‌ಗಳಲ್ಲಿ ಒಂದನ್ನು ಅದಕ್ಕೆ ಒಗ್ಗಿಸಿದರು. 1956ರ ಡಿಸೆಂಬರಿನಲ್ಲಿ ಅರೆ ಯಶಸ್ಸು, 1957ರ ಫೆಬ್ರುವರಿ 13ರಂದು ಪೂರ್ಣ ಯಶಸ್ಸು. ರಷ್ಯನ್ನರು 1988ರ ಏಪ್ರಿಲ್ 15ರಂದು ಟುಪೊಲೆವ್ 155 ವಿಮಾನದ ಮೂರು ಎಂಜಿನ್‌ಗಳಲ್ಲಿ ಒಂದನ್ನು ಜಲಜನಕದಿಂದ ಓಡಿಸಿದರು. ಎರಡೂ ಕಡೆ ಕಷ್ಟವಿದ್ದದ್ದು ಟ್ಯಾಂಕಿನಲ್ಲಿ, ಪಂಪಿನಲ್ಲಿ, ಮೈನಸ್ 253 ಡಿಗ್ರಿಯ ಚಳಿಯಲ್ಲಿ. ಇಂಜೆಕ್ಟರ್ ಮಾತ್ರ ಓಹೈನ್ ಕಾಲದ ತತ್ತ್ವದಲ್ಲೇ ನಡೆಯಿತು: ಇಂಧನ ಒಂದು ಕಡೆಯಿಂದ, ಗಾಳಿ ಇನ್ನೊಂದು ಕಡೆಯಿಂದ, ಎರಡೂ ಕೂಡಿದ ಗಡಿಯಲ್ಲಿ ಉರಿ.

ಆ ತತ್ತ್ವವನ್ನು ಕೆಡಿಸಿದ್ದು ಆಕಾಶವಲ್ಲ, ಇಂಥದೇ ಟರ್ಬೈನು ಓಡಿಸುವ ನೆಲದ ಮೇಲಿನ ವಿದ್ಯುತ್ ಸ್ಥಾವರಗಳು. ಇಂಧನ ಮತ್ತು ಗಾಳಿ ಕೂಡುವ ಗಡಿಯಲ್ಲಿ ಬೆಂಕಿಯ ಶಾಖ ವಿಪರೀತ. ಅಂಥ ಶಾಖಕ್ಕೆ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಸೇರಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತವೆ ಎಂಬುದನ್ನು ಸೋವಿಯತ್ ವಿಜ್ಞಾನಿ ಯಾಕೊವ್ ಜೆಲ್ಡೋವಿಚ್ 1940ರ ದಶಕದಲ್ಲೇ ವಿವರಿಸಿದ್ದರು. ನಗರಗಳ ಹೊಂಜಿಗೆ ಕಾರಣವಾದ ಈ ಅನಿಲಗಳಿಗೆ 1970ರ ದಶಕದಿಂದ ಅಮೆರಿಕ, ಜಪಾನ್‌ಗಳಲ್ಲಿ ಕಾನೂನಿನ ಮಿತಿ ಬಂತು. ಮೊದಲ ಉಪಾಯ, ಜ್ವಾಲೆಗೆ ನೀರು ಇಲ್ಲವೇ ಹಬೆ ಹೊಡೆದು ತಣಿಸುವುದು. ಅದಕ್ಕೆ ಶುದ್ಧ ನೀರು ಬೇಕು, ಎಂಜಿನ್ನಿನ ದಕ್ಷತೆಯೂ ತಗ್ಗುತ್ತದೆ. ಎರಡನೆಯದು ಜಾಣತನದ್ದು: ಇಂಧನವನ್ನು ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಲ್ಲಿ ಮೊದಲೇ ಚೆನ್ನಾಗಿ ಬೆರೆಸಿ, ಆಮೇಲೆ ಉರಿಸುವುದು. ಆಗ ಅತಿಶಾಖದ ಜಾಗವೇ ಇರುವುದಿಲ್ಲ. ನೈಸರ್ಗಿಕ ಅನಿಲದ ಟರ್ಬೈನುಗಳಲ್ಲಿ ಈ ವಿಧಾನ ಎಷ್ಟು ಪಳಗಿತೆಂದರೆ, ನೂರಾರು ಇದ್ದ ಮಾಲಿನ್ಯದ ಲೆಕ್ಕ ದಶಲಕ್ಷಕ್ಕೆ 25 ಪಾಲಿಗೆ, ಮುಂದೆ 9ಕ್ಕೂ ಇಳಿಯಿತು.

ಈ ಏರ್ಪಾಟು ನಿಂತಿರುವುದು ಒಂದು ನಂಬಿಕೆಯ ಮೇಲೆ. ಬೆರೆತ ಅನಿಲ ಕೊಳವೆಯಲ್ಲಿ ಮುಂದೆ ಹೋಗುವ ವೇಗ, ಬೆಂಕಿ ಅದರೊಳಗೆ ಹಿಂದಕ್ಕೆ ಹರಡುವ ವೇಗಕ್ಕಿಂತ ಹೆಚ್ಚಿರಬೇಕು. ನಮ್ಮ ಅಡುಗೆಮನೆಯ ಗ್ಯಾಸ್ ಒಲೆಯಲ್ಲೂ ಇದೇ ನಿಯಮ. ಉರಿ ತೀರಾ ಸಣ್ಣ ಮಾಡಿದಾಗ ಒಮ್ಮೊಮ್ಮೆ ಬರ್ನರ್ 'ಟಪ್' ಎಂದು, ಬೆಂಕಿ ಮೇಲಿನ ತೂತು ಬಿಟ್ಟು ಒಳಗಿನ ಜೆಟ್ ಬಾಯಲ್ಲಿ ಉರಿಯತೊಡಗುವುದನ್ನು ಕಂಡವರಿದ್ದಾರೆ. ಒಲೆಯಲ್ಲಾದರೆ ಗುಬುಟು ತಿರುಗಿಸಿ ಆರಿಸಿ ಮತ್ತೆ ಹೊತ್ತಿಸಿದರಾಯಿತು. ಟರ್ಬೈನಿನಲ್ಲಿ ಹೀಗೆ ಹಿಂದಕ್ಕೆ ನುಗ್ಗಿದ ಬೆಂಕಿ, ತಣ್ಣಗಿನ ಮಿಶ್ರಣ ಮಾತ್ರ ಇರಲೆಂದು ಮಾಡಿದ ಲೋಹದ ಭಾಗಗಳನ್ನು ಸೆಕೆಂಡುಗಳಲ್ಲಿ ಕರಗಿಸಬಲ್ಲದು. ಕರಗಿದ ಚೂರುಗಳು ಹರಿವಿನ ಜೊತೆ ಹೋಗಿ ಟರ್ಬೈನಿನ ಅಲಗುಗಳಿಗೆ ಬಡಿಯುತ್ತವೆ.

ನೈಸರ್ಗಿಕ ಅನಿಲದ ಮುಖ್ಯಾಂಶವಾದ ಮೀಥೇನಿನಲ್ಲಿ ಬೆಂಕಿ ನಿಶ್ಚಲ ಮಿಶ್ರಣದೊಳಗೆ ಸೆಕೆಂಡಿಗೆ ಸುಮಾರು 0.4 ಮೀಟರು ಸಾಗುತ್ತದೆ. ಜಲಜನಕದಲ್ಲಿ 2ರಿಂದ 3 ಮೀಟರು. ಮೀಥೇನ್ ಗಾಳಿಯಲ್ಲಿ ಶೇ 5ರಿಂದ 15ರವರೆಗೆ ಬೆರೆತಾಗ ಮಾತ್ರ ಉರಿದರೆ, ಜಲಜನಕ ಶೇ 4ರಿಂದ 75ರವರೆಗೂ ಉರಿಯುತ್ತದೆ. ಅದನ್ನು ಹೊತ್ತಿಸಲು ಮೀಥೇನಿಗೆ ಬೇಕಾದ ಕಿಡಿಯ ಹತ್ತನೇ ಒಂದು ಪಾಲೂ ಬೇಡ. ಮೀಥೇನಿನ ಬೆಂಕಿ ಎರಡು ಮಿಲಿಮೀಟರಿಗಿಂತ ಕಿರಿದಾದ ಸಂದಿಯಲ್ಲಿ ಆರಿಹೋಗುತ್ತದೆ. ಜಲಜನಕದ್ದು ಮುಕ್ಕಾಲು ಮಿಲಿಮೀಟರಿನೊಳಗೂ ತೂರಿಕೊಂಡು ಹೋಗುತ್ತದೆ. ಬೆರೆಸಿದರೆ ಬೆಂಕಿ ಹಿಂದಕ್ಕೆ ನುಗ್ಗುತ್ತದೆ, ಬೆರೆಸದಿದ್ದರೆ ಹೊಗೆಗೊಳವೆಯಿಂದ ಮಾಲಿನ್ಯ ಹೊರಡುತ್ತದೆ. ಎಂಜಿನಿಯರುಗಳು ಸಿಕ್ಕಿಬಿದ್ದದ್ದು ಈ ಇಕ್ಕಟ್ಟಿನಲ್ಲಿ.

ಹಾಗಾದರೆ ಹರಿವಿನ ವೇಗ ಹೆಚ್ಚಿಸಿದರಾಗದೇ? ಟರ್ಬೈನಿನ ಮಿಶ್ರಣ ಕೊಳವೆಯಲ್ಲಿ ಅನಿಲ ಸೆಕೆಂಡಿಗೆ ಹತ್ತಾರು ಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಅದರೆದುರು ಮೂರು ಮೀಟರಿನ ಬೆಂಕಿಗೆ ಏನು ಹೆದರಿಕೆ? ಹೆದರಿಕೆ ಇರುವುದು ಗೋಡೆಯ ಬದಿಯಲ್ಲಿ. ಕೊಳವೆಯ ನಡುವೆ ಹರಿವು ಎಷ್ಟೇ ಜೋರಿರಲಿ, ಗೋಡೆಗೆ ಅಂಟಿದ ತೆಳುಪದರ ನಿಧಾನ, ಗೋಡೆಯ ಮೇಲಂತೂ ಸೊನ್ನೆ. ಬೆಂಕಿ ಆ ಪದರ ಹಿಡಿದು ತೆವಳುತ್ತದೆ. ಈ ತೆವಳುವಿಕೆಗೆ ಮೊದಲು ಲೆಕ್ಕ ಕೊಟ್ಟವರು ಅಮೆರಿಕದ ಬ್ಯೂರೋ ಆಫ್ ಮೈನ್ಸ್‌ನ ಬರ್ನಾರ್ಡ್ ಲೂಯಿಸ್ ಮತ್ತು ಗುಂಟರ್ ಫಾನ್ ಎಲ್ಬೆ, 1943ರಲ್ಲಿ. ಗೋಡೆಯಿಂದ ದೂರ ಹೋದಂತೆ ಹರಿವಿನ ವೇಗ ಎಷ್ಟು ಕಡಿದಾಗಿ ಏರುತ್ತದೆ ಎಂಬುದೊಂದನ್ನು ಅಳೆದರೆ ಸಾಕು, ಆ ಏರಿಕೆ ಒಂದು ಮಿತಿ ದಾಟಿದ್ದರೆ ಬೆಂಕಿ ಹಿಂದೆ ಬರಲಾರದು ಎಂಬುದು ಅವರ ಸೂತ್ರ. ಸರಳ ಸೂತ್ರ. ಬನ್ಸನ್ ಬರ್ನರಿನಂಥ ಬಾಯ್ದೆರೆದ ಕೊಳವೆಗಳ ಮೇಲೆ ಅಳೆದು ಅದಕ್ಕೆ ಪುರಾವೆಯೂ ಸಿಕ್ಕಿತ್ತು. ಪಠ್ಯಪುಸ್ತಕ ಸೇರಿತು, ಅರುವತ್ತೈದು ವರ್ಷಕ್ಕೂ ಹೆಚ್ಚು ಕಾಲ ವಿನ್ಯಾಸಕಾರರ ಕೈಪಿಡಿಯಲ್ಲಿ ಉಳಿಯಿತು.

ಆ ಸೂತ್ರದ ಬುಡದಲ್ಲಿ ಯಾರೂ ಗಟ್ಟಿಯಾಗಿ ಹೇಳದ ಒಂದು ಊಹೆ ಇತ್ತು: ಹರಿವು ಬೆಂಕಿಯನ್ನು ತಳ್ಳುತ್ತದೆ, ಬೆಂಕಿ ಹರಿವನ್ನು ತಳ್ಳುವುದಿಲ್ಲ. 2010ರ ಆಸುಪಾಸಿನಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಥಾಮಸ್ ಸಾಟೆಲ್‌ಮಾಯರ್ ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಕ್ರಿಸ್ಟಿಯನ್ ಐಷ್ಲರ್, ಬೆಂಕಿಯನ್ನು ಬಾಯ್ದೆರೆದ ಕೊಳವೆಯಲ್ಲಿಡದೆ ಟರ್ಬೈನಿನಲ್ಲಿರುವಂತೆ ಮುಚ್ಚಿದ ನಾಳದೊಳಗೆ ಇಟ್ಟು ನೋಡಿದರು. ಹಳೆಯ ಸೂತ್ರ ಹೇಳಿದ್ದಕ್ಕಿಂತ ಹತ್ತುಪಟ್ಟಿನ ಆಸುಪಾಸಿನ ಏರಿಕೆ ಇದ್ದರೂ ಜಲಜನಕದ ಬೆಂಕಿ ಹಿಂದಕ್ಕೆ ನುಗ್ಗಿತು. ಅತಿವೇಗದ ಕ್ಯಾಮೆರಾಗಳು ಕಾರಣವನ್ನೂ ತೋರಿಸಿದವು. ಬೆಂಕಿಯ ಅಂಚು ನೇರ ಗೆರೆಯಲ್ಲ. ಅದು ಉಬ್ಬುಉಬ್ಬಾಗಿ ಮುಂದೆ ಬರುತ್ತದೆ. ಪ್ರತಿ ಉಬ್ಬಿನ ಎದುರು ಒತ್ತಡ ತುಸು ಏರಿ, ಗೋಡೆಪಕ್ಕದ ನಿಧಾನ ಪದರ ಅಲ್ಲೇ ನಿಂತು ಹಿಮ್ಮುಖ ತಿರುಗುತ್ತದೆ. ಬೆಂಕಿ ತನ್ನ ದಾರಿಯನ್ನು ತಾನೇ ತೆರವು ಮಾಡಿಕೊಂಡು ಬರುತ್ತಿತ್ತು. 2012ರಲ್ಲಿ ನಾರ್ವೆಯ ಆಂದ್ರೆಯಾ ಗ್ರೂಬರ್ ಮತ್ತು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಜಾಕ್ವೆಲಿನ್ ಚೆನ್ ಮೊದಲಾದವರು ಸೂಪರ್ ಕಂಪ್ಯೂಟರಿನಲ್ಲಿ ಅದೇ ದೃಶ್ಯವನ್ನು ಮರುಸೃಷ್ಟಿಸಿದಾಗ, ಉಬ್ಬುಗಳ ಮುಂದೆ ಹಿಮ್ಮುಖ ಹರಿವಿನ ಅವೇ ಸಣ್ಣ ಮಡುಗಳು ಕಂಡವು.

ಲೂಯಿಸ್, ಎಲ್ಬೆ ಅವರ ಕೆಲಸ ತಪ್ಪು ಎನ್ನುವವರೂ ಇದ್ದಾರೆ, ಅದರ ವ್ಯಾಪ್ತಿಯಲ್ಲಿ ಅದು ಸರಿಯೇ ಎನ್ನುವವರೂ ಇದ್ದಾರೆ. ಬಾಯ್ದೆರೆದ ಬರ್ನರಿಗೆ ಅದು ಇಂದಿಗೂ ಹೊಂದುತ್ತದೆ ಎಂಬ ಎರಡನೆಯ ಮಾತೇ ನ್ಯಾಯವಾದದ್ದು. ಆದರೆ ಪರಿಣಾಮದ ಬಗ್ಗೆ ತಕರಾರಿಲ್ಲ. ಬೆಂಕಿ ಒಮ್ಮೆ ಕೊಳವೆಯ ಒಳಗೆ ಬಂದರೆ ಅದನ್ನು ಹೊರಹಾಕುವುದು, ಒಳಗೆ ಬಾರದಂತೆ ತಡೆಯುವುದಕ್ಕಿಂತ ಎಷ್ಟೋ ಕಷ್ಟವೆಂದು ವಿನ್ಯಾಸಕಾರರಿಗೆ ಖಚಿತವಾಯಿತು.

ಗೋಡೆಯ ಹಾಗೆ ಇನ್ನೊಂದು ಕಳ್ಳದಾರಿ ಸುಳಿಯ ನಡುಮಧ್ಯೆ. ಇಂಧನ, ಗಾಳಿ ಬೆರೆಯಲೆಂದು ಬಹುತೇಕ ಟರ್ಬೈನುಗಳಲ್ಲಿ ಹರಿವನ್ನು ಸುತ್ತಿಸುತ್ತಾರೆ. ಸುತ್ತುವ ಸುಳಿಯ ನಾಭಿಯಲ್ಲಿ ವೇಗ ಕಡಿಮೆ. ಬೆಂಕಿ ಅಲ್ಲಿಂದಲೂ ನುಗ್ಗುತ್ತದೆ. ಜಪಾನಿನ ಮಿತ್ಸುಬಿಷಿ ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಮದ್ದು, ನಳಿಕೆಯ ತುದಿಯಿಂದ ಗಾಳಿಯನ್ನು ನೇರ ನಾಭಿಗೆ ಊದಿ ಆ ಮಂದ ಜಾಗವನ್ನು ತುಂಬುವುದು. 2018ರಲ್ಲಿ ದೊಡ್ಡ ಟರ್ಬೈನಿನ ಸ್ಥಿತಿಯಲ್ಲಿ ಶೇ 30 ಜಲಜನಕ ಬೆರೆಸಿ ಉರಿಸಿದ ಪ್ರಯೋಗ ಯಶಸ್ವಿಯಾದದ್ದು ಹೀಗೆ. ಅದಕ್ಕೂ ಮೇಲೆ ಹೋಗಬೇಕಾದರೆ ಸುಳಿಯನ್ನೇ ಬಿಡಬೇಕಿತ್ತು.

ಬಿಡುವ ದಾರಿ ಆ ಹೊತ್ತಿಗಾಗಲೇ ತೆರೆದಿತ್ತು, ಜರ್ಮನಿಯ ಆಹೆನ್ ನಗರದ ಅನ್ವಯಿಕ ವಿಜ್ಞಾನಗಳ ಕಾಲೇಜಿನಲ್ಲಿ. ಟುಪೊಲೆವ್ ಹಾರಾಟದ ನಂತರ ಯುರೋಪಿನಲ್ಲಿ ಜಲಜನಕ ವಿಮಾನದ ಮಾತು ಜೋರಾಗಿದ್ದ ಕಾಲವದು. ಗುಂಟರ್ ಡಾಲ್ ಮತ್ತು ಫ್ರೆಡಿ ಸುಟ್ರಾಪ್ ಅವರು ಏರ್‌ಬಸ್ ವಿಮಾನದ ಬಾಲದಲ್ಲಿರುವ ಪುಟ್ಟ ಸಹಾಯಕ ಟರ್ಬೈನನ್ನು ಜಲಜನಕಕ್ಕೆ ಒಗ್ಗಿಸಹೊರಟಿದ್ದರು. ಹಿಂದಕ್ಕೆ ನುಗ್ಗುವ ಬೆಂಕಿಯನ್ನು ತಡೆಯಲು ಅವರು ಆರಿಸಿಕೊಂಡ ಉಪಾಯವೆಂದರೆ, ಮೊದಲೇ ಬೆರೆಸುವುದನ್ನೇ ಕೈಬಿಡುವುದು. ಕೊಳವೆಯಲ್ಲಿ ಮಿಶ್ರಣವೇ ಇಲ್ಲವೆಂದ ಮೇಲೆ ಬೆಂಕಿ ಹಿಂದೆ ಹೋಗಿ ಉರಿಸುವುದಾದರೂ ಏನನ್ನು? ಅಲ್ಲಿಗೆ ಓಹೈನ್ ತತ್ತ್ವಕ್ಕೇ ಮರಳಿದಂತಾಯಿತು. ಮಾಲಿನ್ಯದ ಗತಿ? ಅದಕ್ಕೆ ಉತ್ತರ ಗಾತ್ರದಲ್ಲಿತ್ತು. ನೈಟ್ರೋಜನ್ ಆಕ್ಸೈಡ್ ಹುಟ್ಟಲು ಶಾಖವೊಂದೇ ಸಾಲದು, ಸಮಯವೂ ಬೇಕು. ಒಂದು ದೊಡ್ಡ ಜ್ವಾಲೆಯ ಬದಲು ಸಾವಿರಾರು ಕಿರುಜ್ವಾಲೆ ಮಾಡಿದರೆ, ಅನಿಲ ಆ ಶಾಖದಲ್ಲಿ ನಿಲ್ಲುವ ಹೊತ್ತು ಅತ್ಯಲ್ಪ.

ಅವರ ಇಂಜೆಕ್ಟರನ್ನು ಹತ್ತಿರದಿಂದ ನೋಡಿದರೆ ಹೀಗಿದೆ. ಉಂಗುರಗಳಂತೆ ಒಂದರೊಳಗೊಂದು ಕೂತ ಲೋಹದ ಪಟ್ಟಿಗಳು. ಪಟ್ಟಿಯಲ್ಲಿ ಸಣ್ಣ ಗಾಳಿಗಂಡಿಗಳು. ಪ್ರತಿ ಗಂಡಿಯ ಎದುರಿಗೆ, ಗಾಳಿಯ ಹರಿವಿಗೆ ಅಡ್ಡಲಾಗಿ, 0.3 ಮಿಲಿಮೀಟರ್ ವ್ಯಾಸದ ಒಂದು ತೂತು. ಕೂದಲಿನ ನಾಲ್ಕೈದು ಎಳೆಯಷ್ಟು ದಪ್ಪದ ಆ ತೂತಿನಿಂದ ಜಲಜನಕ ಗಾಳಿಗೆ ಅಡ್ಡ ನುಗ್ಗುತ್ತದೆ, ಬಾಗುತ್ತದೆ, ಕೆಲವೇ ಮಿಲಿಮೀಟರು ದೂರದಲ್ಲಿ ಬೆರೆತು ಅಲ್ಲೇ ಉರಿಯುತ್ತದೆ. ಜ್ವಾಲೆಯ ಒಳಕ್ಕೊಂದು, ಹೊರಕ್ಕೊಂದು ಸುಳಿ ಇದ್ದು, ಅವೆರಡರ ನಡುವಿನ ಸೀಮೆಯಲ್ಲಿ ಅದು ನೆಲೆ ನಿಲ್ಲುತ್ತದೆ. ಜಲಜನಕ ಎಷ್ಟು ಆಳಕ್ಕೆ ನುಗ್ಗಬೇಕು ಎಂಬುದರಲ್ಲಿ ಕುಶಲತೆಯೆಲ್ಲ ಅಡಗಿದೆ. ಅಳತೆ ಮೀರಿ ನುಗ್ಗಿದರೆ ಇಂಧನ ಸುಳಿಗೆ ಸಿಕ್ಕಿ, ಸುಳಿಯೊಳಗೇ ಉರಿದು, ಮಾಲಿನ್ಯ ಏಕಾಏಕಿ ಏರುತ್ತದೆ. ಆ ಪುಟ್ಟ ಟರ್ಬೈನಿನಲ್ಲಿ ಇಂಥ 1,600ಕ್ಕೂ ಹೆಚ್ಚು ಜ್ವಾಲೆಗಳಿದ್ದವು.

ಆಹೆನ್‌ನಲ್ಲೇ ಹರಾಲ್ಡ್ ಫುಂಕೆ ಮುಂದುವರಿಸಿದ ಈ ಕೆಲಸಕ್ಕೆ ಬಹುಕಾಲ ಗಿರಾಕಿ ಇರಲಿಲ್ಲ. ವಿಮಾನದವರ ಆಸಕ್ತಿ ಆರಿತ್ತು. ಕೈಗಾರಿಕೆಯವರಿಗೆ ಜಲಜನಕ ಸಿಗುತ್ತಿದ್ದದ್ದು ಕಾರ್ಖಾನೆಯ ಉಪೋತ್ಪನ್ನವಾಗಿ, ಅವರು ಹಳೆಯ ವಿಧಾನದಲ್ಲೇ ಸುಖವಾಗಿದ್ದರು. ಇಟಲಿಯ ಎನೆಲ್ ಕಂಪನಿ 2010ರಲ್ಲಿ ವೆನಿಸ್ ಬಳಿಯ ಫುಸಿನಾದಲ್ಲಿ ಉದ್ಘಾಟಿಸಿದ 12 ಮೆಗಾವ್ಯಾಟ್ ಸ್ಥಾವರ ಪಕ್ಕದ ಪೆಟ್ರೋರಾಸಾಯನಿಕ ಕಾರ್ಖಾನೆಯ ಜಲಜನಕದಿಂದ ಓಡಿತು, ಜ್ವಾಲೆಗೆ ಹಬೆ ಹೊಡೆದುಕೊಂಡು. ಅಮೆರಿಕದಲ್ಲಿ ಇಂಧನ ಇಲಾಖೆ ಕಲ್ಲಿದ್ದಲಿನಿಂದ ಜಲಜನಕ ತೆಗೆದು ಉರಿಸುವ ಆಸೆಯಿಂದ 2005ರಲ್ಲಿ ಜನರಲ್ ಎಲೆಕ್ಟ್ರಿಕ್, ಸೀಮೆನ್ಸ್ ಕಂಪನಿಗಳಿಗೆ ಹಣ ಕೊಟ್ಟಿತು. ಕಲ್ಲಿದ್ದಲಿನ ಕನಸು ಒಣಗಿತು, ಇಂಜೆಕ್ಟರ್ ಉಳಿಯಿತು. ಜನರಲ್ ಎಲೆಕ್ಟ್ರಿಕ್‌ನವರು ಸುಳಿ ಬಿಟ್ಟು, ಕಿರುಕೊಳವೆಗಳ ಕಟ್ಟಿನೊಳಗೆ ಇಂಧನವನ್ನು ಅಡ್ಡಲಾಗಿ ಚುಚ್ಚಿ, ಬಿರುಸಿನಲ್ಲಿ ಬೆರೆಸಿ ಹೊರದೂಡುವ ವಿನ್ಯಾಸಕ್ಕೆ ಬಂದು ಮುಟ್ಟಿದರು. ಜಪಾನಿನಲ್ಲಿ ಹಿಟಾಚಿಯವರೂ ಕಲ್ಲಿದ್ದಲ ಅನಿಲಕ್ಕಾಗಿ ತೂತುಗಳ ಗೊಂಚಲನ್ನೇ ನೆಚ್ಚಿಕೊಂಡರು. ಒಬ್ಬರನ್ನು ನೋಡಿ ಒಬ್ಬರು ಕಲಿತರೋ, ಜಲಜನಕವೇ ಎಲ್ಲರನ್ನೂ ಅಲ್ಲಿಗೆ ದೂಡಿತೋ ಎಂದು ಕೇಳಿದರೆ, ಎರಡನೆಯದಕ್ಕೇ ನನ್ನ ಮತ.

ಆಹೆನ್‌ನ ವಿನ್ಯಾಸಕ್ಕೆ ಗಿರಾಕಿಯಾಗಿ ಬಂದದ್ದು ಜಪಾನಿನ ಕವಾಸಾಕಿ. 2011ರ ಫುಕುಶಿಮಾ ಅಣುಸ್ಥಾವರ ದುರಂತದ ಮೇಲೆ ಜಪಾನ್ ಜಲಜನಕವನ್ನು ರಾಷ್ಟ್ರೀಯ ನೀತಿಯಾಗಿಯೇ ಹಿಡಿದಿತ್ತು. 2018ರ ಏಪ್ರಿಲ್‌ನಲ್ಲಿ ಕೋಬೆ ನಗರದ ಪೋರ್ಟ್ ಐಲೆಂಡ್‌ನಲ್ಲಿ ಕವಾಸಾಕಿಯ 1 ಮೆಗಾವ್ಯಾಟ್ ದರ್ಜೆಯ ಟರ್ಬೈನ್ ಬರೀ ಜಲಜನಕದಿಂದ ಓಡಿ, ಹತ್ತಿರದ ಆಸ್ಪತ್ರೆ, ಕ್ರೀಡಾಕೇಂದ್ರ ಮೊದಲಾದ ಕಟ್ಟಡಗಳಿಗೆ ಕರೆಂಟನ್ನೂ ಶಾಖವನ್ನೂ ಕೊಟ್ಟಿತು. ಜನವಸತಿಯ ನಡುವೆ ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು. ಆದರೆ ಆಗಿನ್ನೂ ಜ್ವಾಲೆಗೆ ನೀರು ಹೊಡೆಯುತ್ತಿದ್ದರು. ಕಿರುಜ್ವಾಲೆಗಳ ಒಣ ದಹನಕೋಣೆ ಅದೇ ಜಾಗದಲ್ಲಿ ಪರೀಕ್ಷೆಗೆ ಇಳಿದದ್ದು 2020ರಲ್ಲಿ. ಅಷ್ಟರಲ್ಲಿ ತೂತಿನ ವ್ಯಾಸ ದೊಡ್ಡದಾಗಿತ್ತು. 0.3 ಮಿಲಿಮೀಟರಿನ ಸಾವಿರಾರು ತೂತು ಕೊರೆಯುವುದು ದುಬಾರಿ, ಕಸ ಕಟ್ಟುವ ಭಯ ಬೇರೆ. ಸುಳಿಗಳ ಲೆಕ್ಕ ಕೆಡದಂತೆ ತೂತನ್ನು ಎಷ್ಟು ಹಿಗ್ಗಿಸಬಹುದು ಎಂದು ಕಂಡುಕೊಳ್ಳುವುದೇ ಜರ್ಮನ್, ಜಪಾನಿ ತಂಡಗಳ ಹಲವು ವರ್ಷಗಳ ಪರಿಶ್ರಮವಾಗಿತ್ತು.

ಈ ಸಾಧನೆಗಳ ಲೆಕ್ಕ ಓದುವಾಗ ಎರಡು ಕಡೆ ಎಚ್ಚರ ಬೇಕು. ಒಂದು, ಮಾಲಿನ್ಯದ ಅಳತೆ. ಹೊಗೆಯಲ್ಲಿನ ನೀರಾವಿ ತೆಗೆದು, ಶೇ 15 ಆಮ್ಲಜನಕಕ್ಕೆ ಸರಿಹೊಂದಿಸಿ ಪಾಲು ಹೇಳುವ ಪದ್ಧತಿ ಮೀಥೇನಿಗಾಗಿ ಹುಟ್ಟಿದ್ದು. ಜಲಜನಕ ಉರಿದರೆ ಹೊಗೆಯಲ್ಲಿ ನೀರಾವಿಯ ಪಾಲು ಹೆಚ್ಚು; ಅದನ್ನು ತೆಗೆದು ಅಳೆದಾಗ ಉಳಿದದ್ದರಲ್ಲಿ ಮಾಲಿನ್ಯದ ಪಾಲು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದೇ ಪ್ರಮಾಣದ ಮಾಲಿನ್ಯಕ್ಕೂ ಅಂಕಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಉಬ್ಬಬಹುದೆಂದು ಜಾರ್ಜಿಯಾ ಟೆಕ್ ಸಂಶೋಧಕರು 2022ರಲ್ಲಿ ತೋರಿಸಿದರು. ಇದು ಉದ್ಯಮದ ನೆಪವೆಂಬ ಸಂಶಯ ಬರಬಹುದಾದರೂ, ಲೆಕ್ಕವಂತೂ ಸರಿಯಾಗಿದೆ.

ಇನ್ನೊಂದು ಕಡೆ ಉಬ್ಬುವುದು ಉದ್ಯಮದವರ ಅಂಕಿ. ಜಲಜನಕ ಹಗುರ, ಗಾತ್ರಕ್ಕೆ ಗಾತ್ರ ಇಟ್ಟರೆ ಅದರ ಶಾಖ ಮೀಥೇನಿನ ಮೂರನೇ ಒಂದು ಪಾಲು. ಆದ್ದರಿಂದ 'ಶೇ 30 ಜಲಜನಕ' ಎಂದರೆ ಇಂಗಾಲದ ಡೈಆಕ್ಸೈಡ್ ಇಳಿಯುವುದು ಶೇ 11ರಷ್ಟು ಮಾತ್ರ. ಅಮೆರಿಕದ ಓಹಾಯೊ ರಾಜ್ಯದ ಲಾಂಗ್ ರಿಡ್ಜ್ ಸ್ಥಾವರದಲ್ಲಿ 2022ರ ಮಾರ್ಚಿನಲ್ಲಿ ಶೇ 5 ಬೆರೆಸಿದಾಗ ದೊಡ್ಡ ಸುದ್ದಿಯಾಯಿತು. ಇಂಗಾಲದ ಲೆಕ್ಕದಲ್ಲಿ ಅದು ಶೇ 2ನ್ನೂ ಮುಟ್ಟುವುದಿಲ್ಲ. 2023ರ ನವೆಂಬರಿನಲ್ಲಿ ತಕಸಾಗೊದಲ್ಲಿ ಮಿತ್ಸುಬಿಷಿ ತನ್ನ ಬೃಹತ್ ಟರ್ಬೈನನ್ನು ಗ್ರಿಡ್‌ಗೆ ಜೋಡಿಸಿಕೊಂಡೇ ಶೇ 30 ಉರಿಸಿದ್ದು ತಾಂತ್ರಿಕವಾಗಿ ದೊಡ್ಡ ಕೆಲಸ, ಹವಾಮಾನದ ದೃಷ್ಟಿಯಿಂದ ಸಣ್ಣ ಕೆಲಸ.

ಅದೇ ವರ್ಷದ ಶರತ್ಕಾಲದಲ್ಲಿ ಫ್ರಾನ್ಸಿನ ಸಯ್ಯಾ-ಸುರ್-ವಿಯೆನ್ ಎಂಬಲ್ಲಿನ ಕಾಗದದ ಕಾರ್ಖಾನೆಯಲ್ಲಿ ಸೀಮೆನ್ಸ್ ಎನರ್ಜಿಯ 12 ಮೆಗಾವ್ಯಾಟ್ ದರ್ಜೆಯ ಟರ್ಬೈನ್ ಬೆರಕೆಯಿಲ್ಲದ ಜಲಜನಕದಿಂದ ಓಡಿತು. ಸಾಮಾನ್ಯವಾಗಿ ಇಂಥ ಎಂಜಿನ್‌ಗಳನ್ನು ನೈಸರ್ಗಿಕ ಅನಿಲದಲ್ಲಿ ಹೊತ್ತಿಸಿ, ಉರಿ ಗಟ್ಟಿಯಾದ ಮೇಲೆ ಮೆಲ್ಲಗೆ ಜಲಜನಕಕ್ಕೆ ಹೊರಳಿಸುವುದು ರೂಢಿ. ಹೊತ್ತಿಸುವಾಗಲೇ ಜಲಜನಕ ಬಿಟ್ಟು ಅದೇನಾದರೂ ಹೊತ್ತದೆ ಮುಂದೆ ಹೋದರೆ, ಹೊಗೆನಾಳದಲ್ಲಿ ತುಂಬಿಕೊಂಡು ಸಿಡಿಯುವ ಅಪಾಯವಿದೆ. ವಿಟ್ಲ್ ಎಂಜಿನ್ನಿನ ತಳದಲ್ಲಿ ನಿಂತಿದ್ದ ಎಣ್ಣೆಗಿಂತ ಅದು ಘೋರ. ಬೆಂಕಿಯನ್ನು ಕೊಳವೆಯಾಚೆ ನಿಲ್ಲಿಸುವ ಪ್ರಶ್ನೆಗೆ ಹೀಗೆ ಒಂದಲ್ಲ, ಮೂರು ನಾಲ್ಕು ಉತ್ತರಗಳು ಸಿಕ್ಕಿವೆ. ಕಿರುಜ್ವಾಲೆಗಳು ಒಟ್ಟಾಗಿ ಕಂಪಿಸಿ ಲೋಹವನ್ನೇ ನಡುಗಿಸುವ ಸಮಸ್ಯೆಯ ಮೇಲೆ, ಹೆಚ್ಚು ಒತ್ತಡದಲ್ಲಿ ತೆಳು ಮಿಶ್ರಣದ ಜ್ವಾಲೆ ಚೂರುಚೂರಾಗಿ ಇನ್ನೂ ವೇಗ ಪಡೆಯುವ ಸಮಸ್ಯೆಯ ಮೇಲೆ ಕೆಲಸ ಸಾಗಿದೆ.

ಉತ್ತರವಿಲ್ಲದ್ದು ಇಂಜೆಕ್ಟರಿನ ಹಿಂದಿನ ಪೈಪಿನ ಪ್ರಶ್ನೆಗೆ. 12 ಮೆಗಾವ್ಯಾಟಿನ ಅಂಥ ಟರ್ಬೈನ್ ಪೂರ್ಣ ಶಕ್ತಿಯಲ್ಲಿ ಓಡಿದರೆ ಗಂಟೆಗೆ ಸುಮಾರು ಒಂದು ಟನ್ ಜಲಜನಕ ಬೇಕು. ನೀರನ್ನು ಒಡೆದು ಜಲಜನಕ ತೆಗೆಯುವ 1 ಮೆಗಾವ್ಯಾಟಿನ ಯಂತ್ರ ಗಂಟೆಗೆ ಕೊಡುವುದು ಸುಮಾರು 20 ಕಿಲೊ. ಎರಡು ದಿನ ಹಗಲೂ ರಾತ್ರಿ ಕೂಡಿಟ್ಟದ್ದನ್ನು ಟರ್ಬೈನ್ ಒಂದು ಗಂಟೆಯಲ್ಲಿ ಮುಗಿಸುತ್ತದೆ, ಅದಕ್ಕೆ ಪ್ರತಿಯಾಗಿ ಆ ಯಂತ್ರಕ್ಕೆ ಸುರಿದ ಕರೆಂಟಿನಲ್ಲಿ ಕಾಲು ಭಾಗದಷ್ಟನ್ನು ಮಾತ್ರ ಹಿಂದಕ್ಕೆ ಕೊಡುತ್ತದೆ.